ಮುಚ್ಚಳ ತೆಗೆಯದೆ ಕೆಗ್ ತುಂಬುವುದು

ಕಲಬುರಗಿಯ ಹೊರವಲಯದಲ್ಲಿ ಬಿಯರ್ ಮಾಡುವ ಒಂದು ಚಿಕ್ಕ ಬ್ರೂವರಿಯಲ್ಲಿ ನನ್ನ ಕೆಲಸ. ಟ್ಯಾಂಕ್ ತೊಳೆಯುವುದರಿಂದ ಶುರು ಮಾಡಿದವನು, ಈಗ ಟ್ರಯಲ್ ಬ್ಯಾಚ್‌ಗಳನ್ನು ನೋಡಿಕೊಳ್ಳುತ್ತೇನೆ. ಹೊಸ ರುಚಿಯನ್ನು ದೊಡ್ಡ ಟ್ಯಾಂಕಿಗೆ ಒಯ್ಯುವ ಮೊದಲು ಇಪ್ಪತ್ತು ಲೀಟರ್ ಮಾಡಿ, 19 ಲೀಟರಿನ ಸ್ಟೀಲ್ ಕೆಗ್‌ಗೆ, ಅಂದರೆ ಒತ್ತಡ ತಾಳುವ ಬಿಗಿ ಮುಚ್ಚಳದ ಪೀಪಾಯಿಗೆ, ಇಳಿಸಿ ನೋಡುತ್ತೇವೆ. ಹೊರದೇಶಗಳಲ್ಲಿ ಜನ ಮನೆಯಲ್ಲೇ ಮಾಡಿಕೊಳ್ಳುವ ಅಳತೆ ಇದು. ನಮ್ಮಲ್ಲಿ 1965ರ ಕರ್ನಾಟಕ ಅಬಕಾರಿ ಕಾಯ್ದೆ ಇದೆ, ಲೈಸೆನ್ಸ್ ಇಲ್ಲದೆ ಮನೆಯಲ್ಲಿ ಮಾಡುವಂತಿಲ್ಲ. ಹಾಗಾಗಿ ಎಲ್ಲವೂ ಬ್ರೂವರಿಯೊಳಗೇ.

ಹೋದ ಬೇಸಿಗೆಯಲ್ಲಿ ಬಾರ್ಲಿ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಜೊತೆ ನಮ್ಮ ಬಿಳಿಜೋಳ ಸೇರಿಸಿ ಒಂದು ಬ್ಯಾಚ್ ಮಾಡಿದೆ. ಜೋಳದ ಪಿಷ್ಟ ಬಾರ್ಲಿಯಷ್ಟು ಬೇಗ ಮೆತ್ತಗಾಗುವುದಿಲ್ಲ, ಅದನ್ನು ಬೇರೆಯಾಗಿ ಕುದಿಸಿಕೊಳ್ಳಬೇಕು. ಅಷ್ಟೆಲ್ಲ ಕಷ್ಟಪಟ್ಟಿದ್ದೆ. ಹುದುಗು ಮುಗಿದಾಗ ತಿಳಿ ಹುಲ್ಲಿನ ಬಣ್ಣ, ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂವಿನ ಒಳ್ಳೆಯ ಪರಿಮಳ. ಮೂರು ದಿನ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ) 1.010ರಲ್ಲೇ ನಿಂತಿತು, ಅಂದರೆ ಹುದುಗು ಪೂರ್ತಿಯಾಗಿತ್ತು. ಈಸ್ಟ್ ತಳಕ್ಕೆ ಕೂರಲಿ ಎಂದು ಫರ್ಮೆಂಟರನ್ನು (ಹುದುಗಿಸುವ ಪಾತ್ರೆ) ಫ್ರಿಜ್‌ನಲ್ಲಿಟ್ಟು 2 ಡಿಗ್ರಿಗೆ ಇಳಿಸಿದೆ. ಮರುದಿನ ಕೆಗ್‌ನ ಮುಚ್ಚಳ ತೆಗೆದು, ಮೇಲಿಂದ ಅರ್ಧ ನಿಮಿಷ ಕಾರ್ಬನ್ ಡೈಆಕ್ಸೈಡ್ ಊದಿ, ಪೈಪ್ ಇಳಿಬಿಟ್ಟು ಕೆಗ್ ತುಂಬಿದೆ. ಆ ಗ್ಯಾಸ್ ಗಾಳಿಗಿಂತ ಒಂದೂವರೆ ಪಟ್ಟು ಭಾರ, ಬಿಯರಿನ ಮೇಲೆ ಕಂಬಳಿಯಂತೆ ಹೊದ್ದು ಮಲಗುತ್ತದೆ ಎಂದು ನಂಬಿದ್ದೆ.

ಮೂರು ವಾರಕ್ಕೆ ಬಿಯರ್ ಚಹಾದ ಬಣ್ಣಕ್ಕೆ ತಿರುಗಿತ್ತು. ಹಾಪ್ಸ್ ಪರಿಮಳ ಹೋಗಿ, ಮಳೆಯಲ್ಲಿ ತೊಯ್ದ ರಟ್ಟಿನ ವಾಸನೆ. ನಮ್ಮ ಸೆಲ್ಲರ್ (ಬಿಯರ್ ಇಡುವ ತಣ್ಣನೆ ಕೋಣೆ) ನೋಡಿಕೊಳ್ಳುವ ಕಾಕಾ ಒಂದು ಗುಟುಕು ಕುಡಿದು ಗ್ಲಾಸ್ ಕೆಳಗಿಟ್ಟರು.

“ತುಂಬುವಾಗ ಮುಚ್ಚಳ ತಗದಿದ್ದೇನು?”

“ಹೌದ್ರಿ ಕಾಕಾ, ಗ್ಯಾಸ್ ಊದಿದ್ದೆ.”

“ನೀ ಕೆಗ್‌ನ್ಯಾಗ ಬಿಯರ್ ಜೋಡಿ ಗಾಳೀನೂ ತುಂಬಿ ತಮ್ಮಾ.”

ಆ ಮಾತು ನನಗೆ ಬಹಳ ಚುಚ್ಚಿತು. ಶೇಂಗಾ ಹಿಂಡಿ ಡಬ್ಬಿಯ ಮುಚ್ಚಳ ಸಡಿಲ ಬಿಟ್ಟರೆ ಕಮಟು ಹಿಡಿಯುತ್ತದೆ ಎಂದು ನಮ್ಮ ಮನೆಯ ಮಕ್ಕಳಿಗೂ ಗೊತ್ತು. ಬಿಯರಿಗೆ ಗಾಳಿ ಅದಕ್ಕಿಂತ ಕೆಟ್ಟದ್ದು. ಆಮೇಲೆ ಕೂತು ಲೆಕ್ಕ ಹಾಕಿದೆ. ಒಂದು ಲೀಟರ್ ಗಾಳಿಯಲ್ಲಿ ಸುಮಾರು 280 ಮಿಲಿಗ್ರಾಂ ಆಮ್ಲಜನಕ. ಕೆಗ್‌ನ ತಲೆಯಲ್ಲಿ ಅರ್ಧ ಲೀಟರ್ ಗಾಳಿ ಉಳಿದು, ಅದರ ಆಮ್ಲಜನಕವೆಲ್ಲ ಬಿಯರಿಗೆ ಇಳಿದರೆ ಲೀಟರಿಗೆ 7 ಮಿಲಿಗ್ರಾಂ ಆಯಿತು. ಬ್ರೂವರಿಗಳು ಅದನ್ನು 0.1 ಮಿಲಿಗ್ರಾಂ ಒಳಗೆ ಇಡಲು ಒದ್ದಾಡುತ್ತವೆ. ಕಂಬಳಿಯ ಮಾತೂ ಸುಳ್ಳು. ಗ್ಯಾಸ್‌ಗಳು ಒಂದರೊಳಗೊಂದು ಬೆರೆಯುತ್ತವೆ, ಮುಚ್ಚಳ ತೆರೆದಿದ್ದರೆ ಭಾರವಾದದ್ದು ಕೆಳಗೇ ನಿಲ್ಲುವುದಿಲ್ಲ.

ಇನ್ನೊಂದು ತಪ್ಪು ಕಣ್ಣೆದುರೇ ಆಗಿತ್ತು. ಫ್ರಿಜ್‌ನಲ್ಲಿಟ್ಟ ಮೇಲೆ ಏರ್‌ಲಾಕ್‌ನ (ಫರ್ಮೆಂಟರಿನ ಗ್ಯಾಸ್ ಹೊರಬಿಡುವ, ನೀರು ತುಂಬಿದ ಚಿಕ್ಕ ಕೊಳವೆ) ಗುಳ್ಳೆ ಹೊರಗೆ ಬರುವ ಬದಲು ಒಳಗೆ ಹೋಗುತ್ತಿತ್ತು. ನೋಡಿದ್ದೆ, ಅರ್ಥವಾಗಿರಲಿಲ್ಲ. ತಣ್ಣಗಾದಂತೆ ಒಳಗಿನದು ಕುಗ್ಗಿ, ಹೊರಗಿನ ಗಾಳಿಯನ್ನು ತಾನೇ ಎಳೆದುಕೊಳ್ಳುತ್ತಿತ್ತು.

ಈಗ ಕೆಗ್ ತೊಳೆದಾದ ಮೇಲೆ ಸ್ಯಾನಿಟೈಸರ್ ನೀರನ್ನು ಬಾಯಿಮಟ್ಟ ತುಂಬುತ್ತೇನೆ. ಕೆಗ್‌ನ ತಲೆಯಲ್ಲಿ ಎರಡು ಚಿಕ್ಕ ಬಾಯಿ, ಒಂದು ಗ್ಯಾಸ್‌ಗೆ, ಇನ್ನೊಂದು ತಳದವರೆಗೆ ಉದ್ದ ನಳಿಕೆ ಇರುವ ಬಿಯರ್ ಬಾಯಿ. ಮುಚ್ಚಳ ಹಾಕಿದರೂ ಮೇಲೆ ಒಂದಿಷ್ಟು ಗಾಳಿ ಸಿಕ್ಕಿಕೊಂಡಿರುತ್ತದೆ, ಗ್ಯಾಸ್ ಬಾಯಿ ಎತ್ತರಕ್ಕೆ ಬರುವಂತೆ ಕೆಗ್ ವಾಲಿಸಿ ಅದನ್ನು ಹೊರಡಿಸಬೇಕು. ಆಮೇಲೆ ಗ್ಯಾಸ್ ಕೊಟ್ಟು ನೀರನ್ನೆಲ್ಲ ಹೊರದಬ್ಬಿದರೆ ಒಳಗೆ ಗ್ಯಾಸ್ ಬಿಟ್ಟು ಬೇರೇನೂ ಉಳಿಯುವುದಿಲ್ಲ. ಫರ್ಮೆಂಟರನ್ನು ಮೇಜಿನ ಮೇಲಿಟ್ಟು, ಅದರ ನಲ್ಲಿಯಿಂದ ಕೆಗ್‌ನ ಬಿಯರ್ ಬಾಯಿಗೆ ಒಂದು ಪೈಪ್, ಕೆಗ್‌ನ ಗ್ಯಾಸ್ ಬಾಯಿಯಿಂದ ಫರ್ಮೆಂಟರಿನ ತಲೆಗೆ ಇನ್ನೊಂದು. ಬಿಯರ್ ಉದ್ದ ನಳಿಕೆಯಲ್ಲಿ ಇಳಿದು ತಳದಿಂದ ತುಂಬುತ್ತದೆ, ಅಲ್ಲಿದ್ದ ಗ್ಯಾಸ್ ಮೇಲೇರಿ ಖಾಲಿಯಾದ ಜಾಗಕ್ಕೆ ಹೋಗುತ್ತದೆ. ಪೈಪ್‌ನಲ್ಲಿರುವ ಗಾಳಿಯನ್ನು ಮರೆಯಬೇಡಿ, ಜೋಡಿಸುವ ಮೊದಲು ಒಂದು ಲೋಟ ಬಿಯರ್ ಹರಿಸಿ ಚೆಲ್ಲಿ. ಶುರುವಾಗಲು 2 ಪಿಎಸ್‌ಐ ಒತ್ತಡ ಸಾಕು, ಅದೂ ಫರ್ಮೆಂಟರ್ ಒತ್ತಡ ತಾಳುವಂಥದ್ದಾಗಿದ್ದರೆ ಮಾತ್ರ. ಗಾಜಿನ ಬುಡ್ಡಿಗೆ ಎಂದೂ ಒತ್ತಡ ಕೊಡಬೇಡಿ, ಸಿಡಿದರೆ ಕೈ ಕಣ್ಣು ಹೋದಾವು. ಕೋಣೆಯ ಬಾಗಿಲೂ ತೆರೆದಿರಲಿ, ಈ ಗ್ಯಾಸ್‌ಗೆ ವಾಸನೆ ಇಲ್ಲ, ಮುಚ್ಚಿದ ಕೋಣೆಯಲ್ಲಿ ಉಸಿರು ಕಟ್ಟಿಸುತ್ತದೆ.

ಮುಚ್ಚಳ ತೆಗೆಯದೆ ಎಷ್ಟು ತುಂಬಿತು ಎಂದು ತಿಳಿಯುವುದು ಹೇಗೆ? ಕೆಗ್‌ನ ಹೊರಮೈ ಹೇಳುತ್ತದೆ. ಬಿಯರ್ ಎಲ್ಲಿಯವರೆಗೆ ಏರಿದೆಯೋ ಅಲ್ಲಿಯವರೆಗೆ ಸ್ಟೀಲ್ ಬೆವರುತ್ತದೆ. ಕೆಳಗೆ ಮಸುಕು, ಮೇಲೆ ಹೊಳಪು, ನಡುವೆ ಗೆರೆ ಎಳೆದಂತೆ ಅಂಚು. ಆ ಅಂಚು ನಿಧಾನ ಮೇಲೇರುವುದನ್ನು ನೋಡುತ್ತ ಕೂರುವುದು ನನಗೆ ಈ ಕೆಲಸದಲ್ಲಿ ಬಹಳ ಇಷ್ಟದ ಹೊತ್ತು. ತೂಕದ ಯಂತ್ರದ ಮೇಲಿಟ್ಟರೆ ಇನ್ನೂ ಖಾತ್ರಿ. ನಮ್ಮ ಬೇಸಿಗೆಯಲ್ಲಿ ಕೆಗ್ ಬಿಸಿಲಲ್ಲಿ ಕಾದಿದ್ದರೆ ಒಳಗೆಲ್ಲ ನೊರೆ ಏಳುತ್ತದೆ, ಹಿಂದಿನ ರಾತ್ರಿಯೇ ಫ್ರಿಜ್‌ನಲ್ಲಿಡಿ. ಆಗ ಇಡೀ ಕೆಗ್ ಬೆವರುವುದರಿಂದ ಅಂಚು ಕಾಣದು, ತೂಕವನ್ನೇ ನಂಬಿ. ತುಂಬಿದ ಮೇಲೆ ಜೋಡಣೆಗಳಿಗೆ ಸೋಪಿನ ನೀರು ಹಚ್ಚಿ ಗುಳ್ಳೆ ಬರುತ್ತದೋ ನೋಡಿ, 4 ಡಿಗ್ರಿಯಲ್ಲಿ 12 ಪಿಎಸ್‌ಐಗೆ ಒಂದು ವಾರ, ಹತ್ತು ದಿನ ಬಿಟ್ಟರೆ ಗ್ಯಾಸ್ ಹದವಾಗಿ ಕರಗುತ್ತದೆ.

ಎರಡನೇ ಜೋಳದ ಬ್ಯಾಚ್ ನಿನ್ನೆ ಫ್ರಿಜ್‌ಗೆ ಹೋಗಿದೆ. ಏರ್‌ಲಾಕ್ ತೆಗೆದು, ಆ ಜಾಗಕ್ಕೆ ಗ್ಯಾಸ್ ಲೈನ್ ಕೊಟ್ಟು 1 ಪಿಎಸ್‌ಐ ಇಟ್ಟಿದ್ದೇನೆ. ಕರೆಂಟ್ ಎರಡು ಸಲ ಹೋಗಿ ಬಂತು, ಮೀಟರಿನ ಮುಳ್ಳು ಶೂನ್ಯಕ್ಕೆ ಇಳಿದಿಲ್ಲ. ಶುಕ್ರವಾರ ಬೆಳಗ್ಗೆ ಬಿಸಿಲೇರುವ ಮೊದಲೇ ಇಳಿಸುತ್ತೇನೆ, ಕಾಕಾ ತಾವೂ ಬರ್ತೀನಿ ಅಂದಿದ್ದಾರೆ.