ನಮ್ಮ ಟ್ರಾವೆಲರ್ ಗಾಡಿಗೆ ಹೊಸ ಮೆಟ್ಟಿಲು ಕೂತಿತು

ಮೂರು ವಾರದಿಂದ ಎಳೆಯುತ್ತಿದ್ದ ಕೆಲಸ ಈ ಭಾನುವಾರ ಒಂದು ಹಂತಕ್ಕೆ ಬಂತು. ಒಳಗೆ ಮಂಚ, ಒಲೆ, ನೀರಿನ ಟ್ಯಾಂಕ್ ಮಾಡಿಸಿಕೊಂಡಿರುವ ನಮ್ಮ ಟೆಂಪೋ ಟ್ರಾವೆಲರ್‌ಗೆ ಹೊಸ ಮೆಟ್ಟಿಲು ಹಾಕಿದ್ದೇವೆ.

ಹಳೆಯದು ಕಬ್ಬಿಣದ್ದು, ಒಂದೇ ಮೆಟ್ಟಿಲು. ಎರಡು ಮಳೆಗಾಲ ಸಕಲೇಶಪುರದ ಕಡೆ ತೋಟದ ರಸ್ತೆಗಳಲ್ಲಿ ಓಡಾಡಿ, ಮಡಚುವ ಕೀಲಿನೊಳಗೆ ಕೆಸರು ಸೇರಿ, ತುಕ್ಕು ತಿಂದು ಹಾಕಿತ್ತು. ಬಿಸಿಲೆ ಘಾಟಿಯಿಂದ ವಾಪಸ್ ಬರುವಾಗ ಅಮ್ಮ ಕಾಲಿಟ್ಟ ಕೂಡಲೇ ಒಂದು ಪಕ್ಕ ಕಿತ್ತು ಬಂತು. ಬಾಗಿಲ ಹಿಡಿಕೆ ಕೈಯಲ್ಲಿದ್ದದ್ದಕ್ಕೆ ಬೀಳಲಿಲ್ಲ. ಅವರಿಗೆ ಮೊದಲೇ ಮಂಡಿನೋವು.

ಮೊದಲು ಮೋಟಾರ್ ಇರೋ ಮೆಟ್ಟಿಲನ್ನೇ ನೋಡಿದೆ. ಬಾಗಿಲು ತೆಗೆದರೆ ತಾನಾಗೇ ಹೊರಗೆ ಬರುತ್ತದೆ, 12 ವೋಲ್ಟ್ ಬ್ಯಾಟರಿಯಲ್ಲೇ ನಡೆಯುತ್ತದೆ. ಆಸೆಯಾಯಿತು. ಆದರೆ ಮೋಟಾರು, ಗೇರು ಎಲ್ಲ ಗಾಡಿಯ ಅಡಿಯಲ್ಲೇ ಇರುತ್ತವೆ, ನಮ್ಮ ಮಲೆನಾಡಿನ ಕೆಸರು ನೀರು ಹಾರುವುದೂ ಅಲ್ಲಿಗೇ ಅಲ್ವಾ? ಮಡಚದ ಮೆಟ್ಟಿಲು ಗಟ್ಟಿ, ಆದರೆ ತೋಟದ ದಾರಿಯ ಕಲ್ಲಿಗೆ ತಗಲುತ್ತದೆ. ಕೊನೆಗೆ ಕೈಯಲ್ಲೇ ಮಡಚುವ, ಎರಡು ಮೆಟ್ಟಿಲಿನ ಅಲ್ಯೂಮಿನಿಯಂನದ್ದು ತಂದೆ.

ಹಾಸನದಲ್ಲಿ ನಮಗೆ ಗೊತ್ತಿರುವ ವೆಲ್ಡಿಂಗ್ ಅಣ್ಣ ಹಳೆಯ ತೂತುಗಳನ್ನು ನೋಡಿ, "ತಗಡಿಗೇ ಬೋಲ್ಟ್ ಹಾಕಿದ್ರೆ ಮತ್ತೆ ಅದೇ ಕಥೆ ಸರ್" ಅಂದರು. ನಿಜ. ನಾವು ಕಾಲಿಡುವುದು ಮೆಟ್ಟಿಲಿನ ಹೊರಗಿನ ಅಂಚಿಗೆ, ಆಗ ಒಳಗಿನ ಬೋಲ್ಟುಗಳನ್ನು ಅದು ಹಾರೆ ಹಾಕಿ ಮೀಟಿದ ಹಾಗೆ ಕೀಳುತ್ತದೆ. ತೆಳು ತಗಡು ಎಷ್ಟು ದಿನ ತಡೆದೀತು? ಅದಕ್ಕೇ ಎಲ್ ಆಕಾರದ ಕಬ್ಬಿಣದ ಪಟ್ಟಿ, ಅಂದರೆ ಆಂಗ್ಲರ್‌ನಲ್ಲಿ ಒಂದು ಫ್ರೇಮ್ ಮಾಡಿಸಿ, ಅಡಿಯ ಅಡ್ಡಪಟ್ಟಿಗಳಿಗೆ 10 ಎಂಎಂ ಬೋಲ್ಟ್, ಅದುರಿದರೂ ಸುಲಭಕ್ಕೆ ಸಡಿಲವಾಗದ ನೈಲಾಕ್ ನಟ್ ಹಾಕಿ ಬಿಗಿದೆವು. ಡ್ರಿಲ್ ಹಿಡಿಯುವ ಮೊದಲು ಹಿಂದೆ ಬ್ರೇಕ್ ಪೈಪು, ಡೀಸೆಲ್ ಪೈಪು, ವೈರು ಇಲ್ಲ ಅಂತ ಟಾರ್ಚ್ ಬಿಟ್ಟು ನೋಡಿಕೊಂಡೆವು. ಕಬ್ಬಿಣಕ್ಕೆ ಅಲ್ಯೂಮಿನಿಯಂ ತಾಗಿಕೊಂಡು ನೆನೆಯುತ್ತಿದ್ದರೆ ಅಲ್ಯೂಮಿನಿಯಂ ಬೇಗ ಸವೆಯುತ್ತದೆ, ಹಾಗಾಗಿ ನಡುವೆ ಹಳೆ ಟ್ಯೂಬಿನ ರಬ್ಬರ್ ಕತ್ತರಿಸಿ ಇಟ್ಟಿದ್ದೇನೆ.

ತಪ್ಪಿದ್ದು ಅಳತೆಯಲ್ಲಿ. ಖಾಲಿ ಗಾಡಿಯ ನೆಲ ರಸ್ತೆಯಿಂದ 68 ಸೆಂ.ಮೀ. ಇತ್ತು. ಮೆಟ್ಟಿಲುಗಳ ನಡುವೆ 20. ಉಳಿದದ್ದನ್ನು ಮೇಲೆ 24, ಕೆಳಗೆ 24 ಅಂತ ಹಂಚಿ ತೂತು ಹಾಕಿಬಿಟ್ಟೆ. ಟ್ಯಾಂಕ್ ತುಂಬಿಸಿ, ಹಾಸಿಗೆ, ಸಿಲಿಂಡರ್, ಪಾತ್ರೆ ಎಲ್ಲ ಏರಿಸಿದ ಮೇಲೆ ಗಾಡಿ 4 ಸೆಂ.ಮೀ. ಕುಗ್ಗಿತು. ಕೆಳಗಿನ ಹೆಜ್ಜೆ 20 ಆಯಿತು, ಒಳಗೆ ಹತ್ತುವ ಕೊನೆಯ ಹೆಜ್ಜೆ ಮಾತ್ರ 24ರಲ್ಲೇ ಉಳಿಯಿತು. ಅಮ್ಮನಿಗೆ ಕಷ್ಟವಾಗಿದ್ದು ಆ ಕೊನೆಯ ಹೆಜ್ಜೆಯೇ. "ಇದೊಂದು ಸ್ವಲ್ಪ ಎತ್ತರ ಆಯ್ತು ಕಣೋ" ಅಂದರು. ಎಲ್ಲ ಬಿಚ್ಚಿ, ಬೇರೆ ತೂತು ಹಾಕಿ, 2 ಸೆಂ.ಮೀ. ಮೇಲೆ ಕೂರಿಸಿದೆವು. ಈಗ ತುಂಬಿದ ಗಾಡಿಗೆ 22, 20, 22. ನೀವೂ ಹಾಕಿಸುವುದಾದರೆ ಸಾಮಾನು ತುಂಬಿಸಿಯೇ ಅಳೆಯಿರಿ.

ನಿನ್ನೆ ಬೇಲೂರಿಗೆ ಹೋಗಿ ಬಂದೆವು. ಅಮ್ಮ ನನ್ನ ಭುಜ ಹಿಡಿಯದೆ ಇಳಿದರು, ಹತ್ತುವಾಗಲೂ ಅಷ್ಟೇ. ಬೋಲ್ಟುಗಳನ್ನು ಮತ್ತೆ ಒಂದು ಸುತ್ತು ಬಿಗಿದಿದ್ದೇನೆ.

ಇನ್ನು ಬಾಕಿ ಇರುವುದು ಒಂದು ಬಜರ್. ಮೆಟ್ಟಿಲು ಮಡಚದೆ ಕೀ ತಿರುಗಿಸಿದರೆ ಕೂಗಬೇಕು. ಮ್ಯಾಗ್ನೆಟ್ ಸ್ವಿಚ್ ತಂದಿಟ್ಟಿದ್ದೇನೆ, ವೈರಿಂಗ್ ಮುಂದಿನ ಭಾನುವಾರ.