ಧವಳಾ ಓಲೆಗಳಲ್ಲಿ 93ನೆಯ ಸೂತ್ರ

1939ರಲ್ಲಿ ಡಾ. ಹೀರಾಲಾಲ್ ಜೈನ್ ಅವರು ದಿಗಂಬರ ಜೈನರ ಪ್ರಾಚೀನ ಪ್ರಾಕೃತ ಆಗಮಗ್ರಂಥವಾದ ಷಟ್‌ಖಂಡಾಗಮದ ಮೊದಲ ಸಂಪುಟವನ್ನು ವೀರಸೇನಾಚಾರ್ಯರ ಧವಳಾ ಟೀಕೆಯೊಂದಿಗೆ ಅಚ್ಚು ಮಾಡಿಸಿದಾಗ ಅವರ ಮುಂದೆ ಇದ್ದದ್ದು ನಕಲಿನ ನಕಲು. ಮೂಲ ಓಲೆಗರಿಗಳು ಮೂಡುಬಿದಿರೆಯ ಗುರುಬಸದಿಯ ಸ್ವತ್ತು. ಬಸದಿಗೆ ಸಿದ್ಧಾಂತ ಬಸದಿ ಎಂಬ ಹೆಸರು ಬಂದದ್ದೇ ಅವುಗಳಿಂದ. ಅವು ದರ್ಶನಕ್ಕೆ ಸಿಗುತ್ತಿದ್ದವು, ಓದಿಗೆ ಸುಲಭಕ್ಕೆ ಸಿಗುತ್ತಿರಲಿಲ್ಲ. 1896ರ ಹೊತ್ತಿಗೆ ಅಲ್ಲೇ ಕುಳಿತು ನಕಲು ಮಾಡುವ ಕೆಲಸ ಶುರುವಾಯಿತು. ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಇಳಿಸಿಕೊಂಡ ಕನ್ನಡ ಲಿಪಿಯ ಪ್ರತಿ ಸಹಾರನ್‌ಪುರ ಸೇರಿ, ಅಲ್ಲಿ ನಾಗರಿಗೆ ತಿರುಗಿ ಊರೂರು ಹಬ್ಬಿತು.

ಆ ನಾಗರಿ ಪ್ರತಿಗಳ 93ನೆಯ ಸೂತ್ರದಲ್ಲಿ ಮನುಷ್ಯ ಸ್ತ್ರೀಯರ ಗುಣಸ್ಥಾನಗಳ, ಎಂದರೆ ಮುಕ್ತಿಯತ್ತ ಏರುವ ಮೆಟ್ಟಿಲುಗಳ ಸಾಲು 'ಸಂಜದಾಸಂಜದಟ್ಠಾಣೇ' ಎಂದು ನಿಂತಿತ್ತು. ಅಂದರೆ ಶ್ರಾವಿಕೆಯ ದೇಶವ್ರತದವರೆಗೆ, ಗೃಹಸ್ಥರ ಭಾಗಶಃ ವ್ರತದವರೆಗೆ ಮಾತ್ರ. ಆದರೆ ಕೆಳಗಿನ ಟೀಕೆಯಲ್ಲಿ ಪೂರ್ವಪಕ್ಷದವನು 'ಹಾಗಾದರೆ ಈ ಆರ್ಷವಚನದಿಂದಲೇ ದ್ರವ್ಯಸ್ತ್ರೀಗೂ (ದೇಹದಿಂದ ಹೆಣ್ಣಾದವಳಿಗೂ) ಮುಕ್ತಿ ಸಿದ್ಧಿಸೀತಲ್ಲ' ಎನ್ನುತ್ತಾನೆ. ಸೂತ್ರದಲ್ಲಿ 'ಸಂಜದ', ಎಂದರೆ ಮಹಾವ್ರತದ ಮೆಟ್ಟಿಲು, ಇಲ್ಲದಿದ್ದರೆ ಈ ಪ್ರಶ್ನೆ ಏಳುವುದೇ ಇಲ್ಲ. ಸಂಪಾದಕರು ಇಲ್ಲೊಂದು 'ಸಂಜದ' ಬಿಟ್ಟಿರಬೇಕೆಂದು ಅಡಿಟಿಪ್ಪಣಿ ಹಾಕಿದರು. ಸ್ತ್ರೀದೇಹದಲ್ಲಿ ಮುಕ್ತಿಯಿಲ್ಲವೆನ್ನುವ ದಿಗಂಬರ ಪಂಡಿತರಲ್ಲಿ ದೊಡ್ಡ ವಾದವೇ ಎದ್ದಿತು. ಕೊನೆಗೆ ಮೂಡುಬಿದಿರೆಯ ಓಲೆಯಲ್ಲಿ ನೋಡಿಸಿದರೆ ಪದ ಅಲ್ಲೇ ಇತ್ತು: 'ಸಂಜದಾಸಂಜದ-ಸಂಜದಟ್ಠಾಣೇ'.

ಬಿಟ್ಟುಹೋದ ಬಗೆ ಸ್ಪಷ್ಟವಾಗಿದೆ. ಓಲೆಯಲ್ಲಿ ಪದಗಳ ನಡುವೆ ತೆರಪಿಲ್ಲ. ಹಿಂದಿನ 'ಅಸಂಜದ'ವೂ ಸೇರಿ ಅದೇ ಮೂರಕ್ಷರ ಹತ್ತಿರ ಹತ್ತಿರವೇ ನಾಲ್ಕು ಸಲ ಬರುತ್ತದೆ. ಬರೆದು ತಲೆಯೆತ್ತಿ ಮತ್ತೆ ಓಲೆಗೆ ಬಂದ ಕಣ್ಣು ಕೊನೆಯ 'ಸಂಜದ'ವನ್ನು ಆಗಲೇ ಬರೆದದ್ದೆಂದು ದಾಟಿಬಿಡುತ್ತದೆ. ಪಾಠ ಹೋಲಿಸುವವರು ಇಂಥಲ್ಲಿ ಅರ್ಥ ಹಿಡಿದು ಓದದೆ ಅಕ್ಷರ ಎಣಿಸಬೇಕು. ಒಬ್ಬರು ಓಲೆ ನೋಡಿ ಗಟ್ಟಿಯಾಗಿ ಓದುವುದು, ಇನ್ನೊಬ್ಬರು ಪ್ರತಿಯ ಮೇಲೆ ಬೆರಳಿಟ್ಟು ಬರುವುದು, ಗರಿಯ ಸಂಖ್ಯೆ, ಮಗ್ಗುಲು, ಸಾಲು ಮೂರನ್ನೂ ಗುರುತು ಹಾಕುವುದು. ಇದಕ್ಕಿಂತ ಒಳ್ಳೆಯ ದಾರಿ ನಮಗೆ ಕಂಡಿಲ್ಲ.

ಈ ಗರಿಗಳಿಗೆ ಇನ್ನೊಂದು ಎಚ್ಚರ ಬೇಕು. ಕಂಠ ಎಂಬ ಕಬ್ಬಿಣದ ಮೊನೆಯಿಂದ ಕೊರೆದ ಓಲೆಯಾದರೆ ಮಸಿ ತುಂಬಿ, ಮಜ್ಜಿಗೆಹುಲ್ಲಿನ ಎಣ್ಣೆ ಸವರಿ ಒರೆಸಬಹುದು. ಧವಳಾ ಶ್ರೀತಾಳೆ ಎಂಬ ತಾಳೆಯ ಗರಿಯ ಮೇಲೆ ಶಾಯಿಯಲ್ಲಿ ಬರೆದದ್ದು. ಅಕ್ಷರ ಗರಿಯ ಮೈಮೇಲೆ ಕುಳಿತಿದೆ, ಒಳಗೆ ಇಳಿದಿಲ್ಲ. ಎಣ್ಣೆಬಟ್ಟೆ ಆಡಿಸಿದರೆ ಅಕ್ಷರವೇ ಎದ್ದು ಬರುತ್ತದೆ. ಒಣ ಮೆದು ಕುಂಚವೇ ಗತಿ. ಕರಾವಳಿಯ ಮಳೆಗಾಲದ ತೇವದಲ್ಲಿ ಅಂಟಿಕೊಂಡ ಗರಿಗಳನ್ನು ಎಳೆದು ಬಿಡಿಸಲೂ ಬಾರದು.

ಒಡೆತನದ ಪತ್ರವೂ ಗ್ರಂಥದೊಳಗೇ ಇದೆ, ಕೊನೆಯ ಪ್ರಶಸ್ತಿಯಲ್ಲಿ, ಎಂದರೆ ಬರೆಸಿದವರನ್ನು ಹೊಗಳುವ ಭಾಗದಲ್ಲಿ. ಶ್ರುತಪಂಚಮಿ ವ್ರತದ ಉದ್ಯಾಪನೆಗೆ ದೇಮಿಯಕ್ಕ ಎಂಬಾಕೆ ಇದನ್ನು ಬರೆಸಿ, ಬನ್ನಿಕೆರೆಯ ಚೈತ್ಯಾಲಯದ ಶುಭಚಂದ್ರ ಸಿದ್ಧಾಂತದೇವರಿಗೆ ಕೊಟ್ಟಳು. ಶುಭಚಂದ್ರರು ತೀರಿಕೊಂಡದ್ದು 1123ರಲ್ಲಿ ಎಂದು ಶ್ರವಣಬೆಳಗೊಳದ ಶಾಸನ ಹೇಳುತ್ತದೆ. ಆದ್ದರಿಂದ ಈ ಪ್ರತಿ ಅದಕ್ಕೂ ಹಿಂದಿನದು.