ವಿದ್ಯಾರ್ಥಿ ಮಾಡಿದ ಯಂತ್ರ ಯಾರದು? ಕಾಲೇಜಿನದೋ, ಗೈಡಿನದೋ?

ಕೊಡಗಿನ ಕಾಲೇಜುಗಳಲ್ಲಿ ವರ್ಷವರ್ಷ ಕೇಳಿಬರುವ ಪ್ರಶ್ನೆ ಇದು. "ಕೊನೆಯ ವರ್ಷದ ಪ್ರಾಜೆಕ್ಟಿಗೆ ಕಾಳುಮೆಣಸು ಬಿಡಿಸುವ ಯಂತ್ರ ಮಾಡಿದ್ದೇನೆ. ಮೋಟರಿಗೂ ಕಬ್ಬಿಣಕ್ಕೂ ದುಡ್ಡು ಹಾಕಿದ್ದು ಅಪ್ಪ. ವೆಲ್ಡಿಂಗ್ ಆಗಿದ್ದು ಕಾಲೇಜಿನ ವರ್ಕ್‌ಶಾಪಿನಲ್ಲಿ. ಡ್ರಮ್ಮಿನ ವೇಗ ಇಳಿಸು ಅಂದಿದ್ದು ಗೈಡ್. ಪೇಟೆಂಟ್ ಯಾರಿಗೆ ಸೇರಬೇಕು?"

ಬೇರೆ ಯಾವ ಕಾಗದಕ್ಕೂ ಸಹಿ ಹಾಕಿಲ್ಲವೆಂದಾದರೆ, ಕಂಡುಹಿಡಿದವರಿಗೆ. ಅಪ್ಪನ ದುಡ್ಡಾಗಲಿ ಕಾಲೇಜಿನ ವೆಲ್ಡಿಂಗ್ ಮೆಷಿನ್ನಾಗಲಿ ತಾವಾಗಿಯೇ ಹಕ್ಕು ತಂದುಕೊಡುವುದಿಲ್ಲ. 1970ರ ಪೇಟೆಂಟ್ ಕಾಯ್ದೆಯ 6ನೇ ಕಲಮಿನಂತೆ ಅರ್ಜಿ ಹಾಕಬಲ್ಲವರು ನಿಜವಾಗಿ ಮೊದಲು ಕಂಡುಹಿಡಿದವರು, ಅವರಿಂದ ಹಕ್ಕು ಬರೆಸಿಕೊಂಡವರು, ಇಲ್ಲವೇ ತೀರಿಹೋದವರ ವಾರಸುದಾರ ಪ್ರತಿನಿಧಿ. ಹಾಗಾಗಿ ಮೊದಲು ಗೊತ್ತಾಗಬೇಕಾದ್ದು ಎರಡೇ: ಕಂಡುಹಿಡಿದವರು ಯಾರ್ಯಾರು, ಅವರು ಯಾವ ಕಾಗದಕ್ಕೆ ಸಹಿ ಹಾಕಿದ್ದಾರೆ.

ಮೊದಲನೆಯದರಲ್ಲೇ ಹೆಚ್ಚಿನವರು ಎಡವುತ್ತಾರೆ. ಪೇಟೆಂಟ್ ಅರ್ಜಿಯ ಜೀವ ಇರುವುದು ಕ್ಲೇಮುಗಳಲ್ಲಿ, ಅಂದರೆ "ಇಷ್ಟು ನಮ್ಮದು" ಎಂದು ಬೇಲಿ ಹಾಕುವ ವಾಕ್ಯಗಳಲ್ಲಿ. ಆ ವಾಕ್ಯಗಳಲ್ಲಿರುವ ಹೊಸತು ಯಾರ ತಲೆಯಿಂದ ಬಂತೋ ಅವರೇ ಆವಿಷ್ಕಾರಕರು. ಡ್ರಮ್ಮಿನ ವೇಗಕ್ಕೂ ಕಡ್ಡಿಗಳ ಅಂತರಕ್ಕೂ ಇರುವ ಸಂಬಂಧವೇ ಕ್ಲೇಮಾಗಿದ್ದು, ಅದನ್ನು ತೋರಿಸಿಕೊಟ್ಟಿದ್ದು ಗೈಡ್ ಎಂದಾದರೆ ಅವರೂ ಆವಿಷ್ಕಾರಕರು. "ಚೆನ್ನಾಗಿದೆ, ಮುಂದುವರಿಸಿ" ಎಂದಿದ್ದಷ್ಟೇ ಆದರೆ ಅಲ್ಲ. ನಕ್ಷೆ ಕೊಟ್ಟಂತೆ ವೆಲ್ಡ್ ಮಾಡಿದ ವರ್ಕ್‌ಶಾಪಿನವರೂ ಅಲ್ಲ. ಆದರೆ ಕಾಳು ಜಜ್ಜಿಹೋಗುತ್ತಿದ್ದಾಗ ಕಡ್ಡಿಯ ತುದಿಗೆ ರಬ್ಬರ್ ತೋಳು ಹಾಕುವ ಉಪಾಯ ಅವರದಾಗಿದ್ದು, ಅದು ಕ್ಲೇಮಿನಲ್ಲಿ ಸೇರಿದ್ದರೆ ಅವರ ಹೆಸರು ಬರಲೇಬೇಕು. ವಿಭಾಗದ ಮುಖ್ಯಸ್ಥರ ಹೆಸರನ್ನು ಗೌರವಕ್ಕೆಂದು ಸೇರಿಸುವ ರೂಢಿ ಇದೆಯಲ್ಲ, ಸಂಶೋಧನಾ ಲೇಖನದಲ್ಲೇ ಅದು ತಪ್ಪು, ಪೇಟೆಂಟಿನಲ್ಲಿ ಅಪಾಯ. ಹಕ್ಕಿಲ್ಲದವರು ಪಡೆದ, ಇಲ್ಲವೇ ಹಕ್ಕಿದ್ದವರನ್ನು ವಂಚಿಸಿ ಪಡೆದ ಪೇಟೆಂಟನ್ನು 64ನೇ ಕಲಮಿನಡಿ ರದ್ದು ಮಾಡಿಸಬಹುದು. ಹೆಸರು ಬಿಟ್ಟುಹೋದವರು 28ನೇ ಕಲಮಿನಡಿ ಸೇರಿಸಿ ಎಂದು ಕೇಳಬಹುದು.

ಇನ್ನು ಸಿಬ್ಬಂದಿಯ ಮಾತು. "ಸಂಬಳ ಕೊಡುವವರದೇ ಹಕ್ಕು" ಎಂಬ ನಂಬಿಕೆ ಗಟ್ಟಿಯಾಗಿ ಬೇರುಬಿಟ್ಟಿದೆ. ನಮ್ಮ ಪೇಟೆಂಟ್ ಕಾಯ್ದೆಯಲ್ಲಿ ಅಂಥ ಕಲಮೇ ಇಲ್ಲ. ಸರ್ಕಾರಿ ಹಣದ ಸಂಶೋಧನೆಗೆ ಪ್ರತ್ಯೇಕ ನಿಯಮ ತರಲು 2008ರಲ್ಲಿ ರಾಜ್ಯಸಭೆಯಲ್ಲಿ ಒಂದು ಮಸೂದೆ ಮಂಡನೆಯಾಗಿತ್ತು. ಅದು ಕಾಯ್ದೆಯಾಗದೆ ವಾಪಸಾಯಿತು. ಆದ್ದರಿಂದ ಪ್ರಾಧ್ಯಾಪಕರ ಆವಿಷ್ಕಾರ ಸಂಸ್ಥೆಯದಾಗಬೇಕಾದರೆ ನೇಮಕಾತಿ ಆದೇಶ, ಸೇವಾ ನಿಯಮ, ಸಂಸ್ಥೆಯ ಬೌದ್ಧಿಕ ಆಸ್ತಿ ನೀತಿ, ಹಕ್ಕು ವರ್ಗಾವಣೆ ಪತ್ರ ಇವುಗಳಲ್ಲಿ ಯಾವುದಾದರೊಂದರ ಆಸರೆ ಬೇಕು. 68ನೇ ಕಲಮಿನಂತೆ ವರ್ಗಾವಣೆ ಬರಹದಲ್ಲೇ ಇರಬೇಕು, ಬಾಯಿಮಾತಿಗೆ ಬೆಲೆಯಿಲ್ಲ.

ಹೊರದೇಶದ ಎರಡು ತೀರ್ಪುಗಳು ನಮ್ಮ ಕೋರ್ಟುಗಳನ್ನು ಕಟ್ಟಿಹಾಕುವುದಿಲ್ಲವಾದರೂ ಕಾಗದ ಬರೆಯುವವರು ತಿಳಿದಿರಬೇಕಾದವು. ಯಕೃತ್ತಿನ ಕ್ಯಾನ್ಸರ್ ಚಿಕಿತ್ಸೆಯ ಸೂಕ್ಷ್ಮಗೋಲಗಳ ಬಗ್ಗೆ ವೆಸ್ಟರ್ನ್ ಆಸ್ಟ್ರೇಲಿಯ ವಿಶ್ವವಿದ್ಯಾಲಯ ತನ್ನ ಪ್ರಾಧ್ಯಾಪಕರ ಮೇಲೆ ಹೂಡಿದ ದಾವೆಯಲ್ಲಿ ವಿಶ್ವವಿದ್ಯಾಲಯವೇ ಸೋತಿತು. ಸಂಶೋಧನೆ ಮಾಡುವುದು ಅವರ ಕೆಲಸವೇ ಹೊರತು ಆವಿಷ್ಕಾರ ಮಾಡಿಕೊಡುವುದಲ್ಲ ಎಂದು 2009ರಲ್ಲಿ ಅಲ್ಲಿನ ಫೆಡರಲ್ ಕೋರ್ಟಿನ ಪೂರ್ಣಪೀಠ ಹೇಳಿತು. ಇನ್ನೊಂದು 2011ರದು, ಅಮೆರಿಕದ ಸುಪ್ರೀಂ ಕೋರ್ಟಿನ ಸ್ಟ್ಯಾನ್‌ಫರ್ಡ್–ರೋಶ್ ಪ್ರಕರಣ. ಎಚ್‌ಐವಿ ಪರೀಕ್ಷೆಯ ವಿಧಾನವೊಂದರ ಜಗಳ. ಸಂಶೋಧಕರು ಸ್ಟ್ಯಾನ್‌ಫರ್ಡಿಗೆ "ವರ್ಗಾಯಿಸಲು ಒಪ್ಪುತ್ತೇನೆ" ಎಂದು ಬರೆದುಕೊಟ್ಟಿದ್ದರು. ಆಮೇಲೆ ಕಲಿಯಲು ಹೋದ ಕಂಪನಿಗೆ (ಅದರ ಈ ವ್ಯವಹಾರ ಮುಂದೆ ರೋಶ್ ಕೈಸೇರಿತು) "ಈ ಮೂಲಕ ವರ್ಗಾಯಿಸುತ್ತೇನೆ" ಎಂದು ಬರೆದುಕೊಟ್ಟರು. ಎರಡನೆಯದೇ ಗೆದ್ದಿತು. ಒಂದು ಕ್ರಿಯಾಪದದಲ್ಲಿ ಒಂಟಿ ಒಡೆತನವೇ ಹೋಯಿತು! ತೋಟದಲ್ಲೋ ಕಂಪನಿಯಲ್ಲೋ ಇಂಟರ್ನ್‌ಶಿಪ್‌ಗೆ ಹೋಗುವ ಮಕ್ಕಳು ಮೊದಲ ದಿನ ಗೇಟಿನಲ್ಲಿ ಕೊಡುವ ಫಾರಮ್ಮನ್ನು ಓದದೆ ಸಹಿ ಹಾಕುವುದು ಇಂಥದೇ ಸಂಗತಿ.

ಬರಹದ ವಿಷಯಕ್ಕೆ ಬಂದರೆ ಲೆಕ್ಕ ತಲೆಕೆಳಗಾಗುತ್ತದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ 17ನೇ ಕಲಮಿನಂತೆ, ನೌಕರಿಯ ಕೆಲಸದ ಭಾಗವಾಗಿ ಬರೆದದ್ದರ ಮೊದಲ ಮಾಲೀಕ ಉದ್ಯೋಗದಾತ, ಬೇರೆ ಒಪ್ಪಂದ ಇಲ್ಲದಿದ್ದರೆ. ಕಾಲೇಜು ಮಾಡಿಸಿದ ಲ್ಯಾಬ್ ಮ್ಯಾನ್ಯುಯಲ್, ಪ್ರವೇಶ ವಿಭಾಗಕ್ಕೆಂದು ಸಿಬ್ಬಂದಿ ಬರೆದ ಸಾಫ್ಟ್‌ವೇರ್ ಇಲ್ಲಿ ಬರುತ್ತವೆ. ಸಾಫ್ಟ್‌ವೇರೂ ದತ್ತಾಂಶದ ಪಟ್ಟಿಗಳೂ ಈ ಕಾಯ್ದೆಗೆ "ಸಾಹಿತ್ಯ ಕೃತಿ"ಗಳೇ. ಮೇಷ್ಟ್ರು ಪಾಠಕ್ಕೆಂದು ತಾವೇ ಬರೆದುಕೊಂಡ ಟಿಪ್ಪಣಿ ವಾದಕ್ಕೆ ಎಡೆಯಿರುವ ಜಾಗ: ಕೆಲಸ ಪಾಠ ಹೇಳುವುದು, ಪುಸ್ತಕ ಬರೆಯುವುದಲ್ಲ. 1952ರ ಇಂಗ್ಲಿಷ್ ತೀರ್ಪೊಂದು ಉಪನ್ಯಾಸದ ಹಕ್ಕು ಉಪನ್ಯಾಸಕರದೇ ಎಂಬ ಕಡೆ ವಾಲಿದೆ. ನಮ್ಮಲ್ಲಿ ಗಂಟೆಲೆಕ್ಕದಲ್ಲಿ ಬರುವ ಅತಿಥಿ ಉಪನ್ಯಾಸಕರ ವಾದ ಇನ್ನೂ ಬಲವಾದದ್ದು. ಅವರದು ನೌಕರಿಯೇ ಅಲ್ಲ, ಸೇವೆಗೆ ಮಾಡಿಕೊಂಡ ಗುತ್ತಿಗೆ ಎಂದಾದರೆ ಹಕ್ಕು ಅವರಲ್ಲೇ ಉಳಿಯುತ್ತದೆ. ಪ್ರಶ್ನೆಪತ್ರಿಕೆಯ ಕಥೆಯೂ ಇದೇ. ಹೊರಗಿನ ಪರೀಕ್ಷಕರು ಬರೆದ ಪ್ರಶ್ನೆಗಳ ಹಕ್ಕು, ಬರೆದುಕೊಡದ ಹೊರತು, ಅವರದೇ ಎಂದು ಲಂಡನ್ನಿನ ಕೋರ್ಟು 1916ರಲ್ಲೇ ಹೇಳಿದೆ.

ವಿದ್ಯಾರ್ಥಿ ನೌಕರನಲ್ಲ, ಫೀಸು ಕಟ್ಟುವವನು. ಅವನ ಪ್ರಬಂಧ ಅವನದೇ. ಗೈಡ್ ತಿದ್ದಿದ ಮಾತ್ರಕ್ಕೆ ಸಹಲೇಖಕರಾಗುವುದಿಲ್ಲ. ಪ್ಲಾಂಟರೊಬ್ಬರು ಐದು ಸಾವಿರ ಕೊಟ್ಟು ಹಾಜರಿ ಬರೆಯುವ ಆ್ಯಪ್ ಮಾಡಿಸಿಕೊಂಡರು ಎನ್ನಿ, ಹಕ್ಕು ಲಿಖಿತವಾಗಿ ಬರೆದುಕೊಟ್ಟಿಲ್ಲದಿದ್ದರೆ ಅದೂ ವಿದ್ಯಾರ್ಥಿಯದೇ, ಬಳಸುವ ಅನುಮತಿಯಷ್ಟೇ ಪ್ಲಾಂಟರದು. ದುಡ್ಡು ಕೊಟ್ಟು ತೆಗೆಸಿದ ಫೋಟೊ, ಬರೆಸಿದ ಚಿತ್ರಕ್ಕೆ ಮಾತ್ರ ನಿಯಮ ಉಲ್ಟಾ. ಬರೆದುಕೊಡುವಾಗಲೂ ಅವಧಿ ನಮೂದಿಸದಿದ್ದರೆ 5 ವರ್ಷ, ಪ್ರದೇಶ ನಮೂದಿಸದಿದ್ದರೆ ಭಾರತ ಎಂದೇ ಕಾಯ್ದೆ ಓದಿಕೊಳ್ಳುತ್ತದೆ.

ಫೆಲೋಶಿಪ್ ಪಡೆಯುವ, ಪ್ರಾಜೆಕ್ಟಿನಲ್ಲಿ ಸಂಬಳಕ್ಕಿರುವ ಪಿಎಚ್‌ಡಿ ವಿದ್ಯಾರ್ಥಿ ಎರಡು ದೋಣಿಯಲ್ಲಿ ಕಾಲಿಟ್ಟವನು. ಅಲ್ಲಿ ಮಂಜೂರಾತಿ ಆದೇಶ ತೆಗೆದು ಓದಬೇಕು. ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2000ನೇ ಇಸವಿಯಲ್ಲಿ ಹೊರಡಿಸಿದ ಸೂಚನೆಯಂತೆ ಅದರ ಹಣದಿಂದಾದ ಬೌದ್ಧಿಕ ಆಸ್ತಿಯ ಹಕ್ಕು ಸಂಸ್ಥೆಗೆ. ಬಂದ ಗಳಿಕೆಯಲ್ಲಿ ಆವಿಷ್ಕಾರಕರ ಪಾಲು ಮೂರನೇ ಒಂದಕ್ಕೆ ಮೀರುವಂತಿಲ್ಲ.

ಕೊಡಗಿನಲ್ಲಿ "ಸಂಸ್ಥೆ" ಎಂದರೆ ಯಾರು ಎಂಬುದೇ ಇನ್ನೊಂದು ಗೊಂದಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯದ ಅಂಗ. ಹಾಗಾಗಿ ಅರ್ಜಿದಾರರ ಕಾಲಮಿನಲ್ಲಿ ಬರಬೇಕಾದ್ದು ವಿಶ್ವವಿದ್ಯಾಲಯದ ಹೆಸರು. ಅದೇ ಊರಿನ ಎಂಜಿನಿಯರಿಂಗ್ ಕಾಲೇಜು ವಿಟಿಯುಗೆ (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ) ಸಂಯೋಜಿತವಷ್ಟೆ. ಅಲ್ಲಿನ ಸಿಬ್ಬಂದಿಗೆ ಉದ್ಯೋಗದಾತ ಕಾಲೇಜು ನಡೆಸುವ ಸಂಸ್ಥೆ, ಡಿಗ್ರಿ ಕೊಡುವ ಬೆಳಗಾವಿಯ ವಿಶ್ವವಿದ್ಯಾಲಯವಲ್ಲ. ಚಿಕ್ಕ ಅಳುವಾರದ ಆವರಣ 2023ರಲ್ಲಿ ಕೊಡಗು ವಿಶ್ವವಿದ್ಯಾಲಯವಾಯಿತು, ಅದಕ್ಕೂ ಮೊದಲು ಮಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೇಂದ್ರ. ಹಳೆಯ ಕಾಗದಗಳಲ್ಲಿ ಯಾವ ವಿಶ್ವವಿದ್ಯಾಲಯದ ಹೆಸರಿದೆ ಎಂದು ನೋಡದೆ ಅರ್ಜಿ ಹಾಕಬಾರದು.

ಗಿಡ, ಬಳ್ಳಿ, ತಳಿಗೆ ಪೇಟೆಂಟೇ ಇಲ್ಲ. ಪೇಟೆಂಟ್ ಕಾಯ್ದೆಯ 3(ಜೆ) ಕಲಮು ಬಾಗಿಲು ಹಾಕಿದೆ. ಅದಕ್ಕಿರುವುದು 2001ರ ಸಸ್ಯ ತಳಿ ಸಂರಕ್ಷಣೆ ಮತ್ತು ರೈತರ ಹಕ್ಕುಗಳ ಕಾಯ್ದೆ. ಮರ, ಬಳ್ಳಿಗಳಿಗೆ 18 ವರ್ಷದ ರಕ್ಷಣೆ. ಇಲ್ಲಿ ನಡೆಯುವ ತಪ್ಪು ಬೇರೆ ಜಾತಿಯದು. ತೋಟವೊಂದರಲ್ಲಿ ಸೊರಗು ರೋಗ ತಡೆದು ನಿಂತ ಮೆಣಸಿನ ಬಳ್ಳಿ ಕಂಡು, ಕಡ್ಡಿ ತಂದು, ನಾಲ್ಕು ವರ್ಷ ನೋಡಿ, ಸಂಸ್ಥೆಯ ಹೆಸರಿನಲ್ಲಿ ತಳಿ ಎಂದು ಅರ್ಜಿ ಹಾಕುವುದು. ಮೂಲವಸ್ತುವನ್ನು ಕಾನೂನುಬದ್ಧವಾಗಿ ಪಡೆದಿದ್ದೇವೆಂದು ಅರ್ಜಿಯಲ್ಲೇ ಘೋಷಿಸಬೇಕು. ಬಳ್ಳಿಯನ್ನು ಆರಿಸಿ ಉಳಿಸಿಕೊಂಡು ಬಂದದ್ದು ತೋಟದವರೇ ಆಗಿದ್ದರೆ ಅವರೇ ರೈತ ತಳಿಯೆಂದು ನೋಂದಾಯಿಸಬಹುದು, ಲಾಭದಲ್ಲಿ ಪಾಲೂ ಕೇಳಬಹುದು. ಕಡ್ಡಿ ತರುವ ದಿನವೇ ಯಾರ ತೋಟ, ಯಾವ ಬಳ್ಳಿ, ಯಾವ ಷರತ್ತು ಎಂದು ಒಂದು ಪುಟ ಬರೆದು ಇಬ್ಬರೂ ಸಹಿ ಹಾಕಿದರೆ ಮುಗಿಯಿತು.

ಕೊಡಗಿನ ಔಷಧದ ಸೊಪ್ಪು ಮದ್ದ್ ತೊಪ್ಪಿನ ವಿಷಯ ಇನ್ನೂ ಸೂಕ್ಷ್ಮ. ಕಕ್ಕಡ ಪದಿನೆಟ್ಟ್‌ಗೆ (ಕಕ್ಕಡ ತಿಂಗಳ ಹದಿನೆಂಟನೆಯ ದಿನ) ಮನೆಮನೆಯಲ್ಲಿ ಪಾಯಸವಾಗುವ ಸೊಪ್ಪಿನ ಔಷಧಗುಣವನ್ನೇ ಕ್ಲೇಮು ಮಾಡಿದರೆ, ಪಾರಂಪರಿಕ ಜ್ಞಾನವೆಂದು 3(ಪಿ) ಅಡಿ ಅರ್ಜಿ ಬೀಳುತ್ತದೆ. ಸೊಪ್ಪಿನ ಬಣ್ಣವನ್ನು ಬೇರ್ಪಡಿಸಿ ಕೆಡದಂತೆ ಇಡುವ ಹೊಸ ವಿಧಾನವಾದರೆ ಪ್ರಯತ್ನಿಸಬಹುದು. ಆದರೆ ಅದು ಜೈವಿಕ ಸಂಪನ್ಮೂಲ. ಜೀವವೈವಿಧ್ಯ ಕಾಯ್ದೆಗೆ 2024ರ ಏಪ್ರಿಲ್‌ನಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಭಾರತೀಯ ಅರ್ಜಿದಾರರೂ ಪೇಟೆಂಟ್ ಮಂಜೂರಾಗುವ ಮೊದಲು ರಾಷ್ಟ್ರೀಯ ಜೀವವೈವಿಧ್ಯ ಪ್ರಾಧಿಕಾರದಲ್ಲಿ ನೋಂದಾಯಿಸಿಕೊಳ್ಳಬೇಕು.

ಮಾಲೀಕರು ಯಾರೆಂದು ಜಗಳವಾಡುತ್ತಿರುವಾಗಲೇ ಹಕ್ಕು ಸತ್ತುಹೋಗುವುದುಂಟು. ಪೇಟೆಂಟಿಗೆ ಹೊಸತನ ಬೇಕು, ಅದನ್ನು ಕೆಡಿಸುವವರು ಹೆಚ್ಚಾಗಿ ಆವಿಷ್ಕಾರಕರೇ. ಪಿಎಚ್‌ಡಿ ಪ್ರಬಂಧ ಶೋಧಗಂಗಾದಲ್ಲಿ (ಪ್ರಬಂಧಗಳ ಆನ್‌ಲೈನ್ ಭಂಡಾರ) ಏರಿದರೆ ಜಗತ್ತೇ ಓದಬಹುದು. ಬಹಿರಂಗ ವೈವಾ, ಯೂಟ್ಯೂಬಿಗೆ ಹಾಕಿದ ಡೆಮೊ, ಪತ್ರಿಕೆಯಲ್ಲಿ ಫೋಟೊ ಸಮೇತ ಬಂದ "ವಿದ್ಯಾರ್ಥಿಯ ಸಾಧನೆ", ಎಲ್ಲವೂ ಬಹಿರಂಗವೇ. 31ನೇ ಕಲಮು 12 ತಿಂಗಳ ರಿಯಾಯಿತಿ ಕೊಡುತ್ತದೆ ನಿಜ, ಆದರೆ ಕೇಂದ್ರ ಸರ್ಕಾರ ಗೆಜೆಟ್‌ನಲ್ಲಿ ಪ್ರಕಟಿಸಿದ ಪ್ರದರ್ಶನಕ್ಕೆ, ವಿದ್ವತ್ ಸಂಘದ ಮುಂದೆ ಓದಿದ ಪ್ರಬಂಧಕ್ಕೆ, ಹೀಗೆ ಕೆಲವಕ್ಕೆ ಮಾತ್ರ. ಕಾಲೇಜಿನ ಟೆಕ್‌ಫೆಸ್ಟ್ ಆ ಪಟ್ಟಿಯಲ್ಲಿಲ್ಲ.

ಆದ್ದರಿಂದ ಪ್ರೊವಿಷನಲ್ (ತಾತ್ಕಾಲಿಕ) ಅರ್ಜಿ ಮೊದಲು, ಪ್ರದರ್ಶನ ಆಮೇಲೆ. ಅದಕ್ಕೆ ಕ್ಲೇಮು ಬೇಡ. ಫಾರಂ 1 ಮತ್ತು 2, ನಕ್ಷೆ, ಯಂತ್ರ ಹೇಗೆ ಕೆಲಸ ಮಾಡುತ್ತದೆಂಬ ವಿವರ ಸಾಕು. ಆನ್‌ಲೈನ್‌ನಲ್ಲಿ ವ್ಯಕ್ತಿಗೂ ಶಿಕ್ಷಣ ಸಂಸ್ಥೆಗೂ ಶುಲ್ಕ 1,600 ರೂಪಾಯಿ. ಸ್ಟಾರ್ಟಪ್ಪೂ ಸಣ್ಣ ಉದ್ಯಮವೂ ಅಲ್ಲದ ಕಂಪನಿ ಜೊತೆ ಸೇರಿದರೆ 8,000. ಕರ್ನಾಟಕದ ಅರ್ಜಿಗಳು ಚೆನ್ನೈ ಕಚೇರಿಗೆ ಹೋಗುತ್ತವೆ. 12 ತಿಂಗಳೊಳಗೆ ಪೂರ್ಣ ವಿವರಣೆ ಕೊಡಬೇಕು, ತಪ್ಪಿದರೆ ಅರ್ಜಿ ಬಿಟ್ಟುಕೊಟ್ಟಂತೆ. ಮೊದಲ ದಿನದಿಂದ 31 ತಿಂಗಳೊಳಗೆ ಪರೀಕ್ಷೆಗೆ ಫಾರಂ 18 ಹಾಕಬೇಕು, ಅದಕ್ಕೆ 4,000. ಏಜೆಂಟರ ಫೀಸು ಬೇರೆ, ಅದೇ ದೊಡ್ಡದು. ಕಾಲೇಜಿನ ಹೆಸರಿನಲ್ಲಿ ಹಾಕುವುದಾದರೆ ಆವಿಷ್ಕಾರಕರೆಲ್ಲ ಫಾರಂ 1ರಲ್ಲೇ ಸಹಿ ಹಾಕಲಿ. ಇಲ್ಲದಿದ್ದರೆ ಹಕ್ಕಿನ ಪುರಾವೆಯನ್ನು 6 ತಿಂಗಳೊಳಗೆ ಕೊಡಬೇಕಾಗುತ್ತದೆ, ಅಷ್ಟರಲ್ಲಿ ಹುಡುಗ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿ ಫೋನೂ ಎತ್ತುವುದಿಲ್ಲ.

"ಇಬ್ಬರ ಹೆಸರಿನಲ್ಲೂ ಇರಲಿ ಬಿಡಿ" ಎಂದು ಜಗಳ ಮುಗಿಸುವವರು 50ನೇ ಕಲಮನ್ನು ಓದಿರುವುದಿಲ್ಲ. ಜಂಟಿ ಮಾಲೀಕರಲ್ಲಿ ಯಾರು ಬೇಕಾದರೂ ತಮಗಾಗಿ ಯಂತ್ರ ಮಾಡಿ ಮಾರಬಹುದು, ಇನ್ನೊಬ್ಬರಿಗೆ ಲೆಕ್ಕ ಕೊಡಬೇಕಿಲ್ಲ. ಆದರೆ ಬೇರೆಯವರಿಗೆ ಲೈಸೆನ್ಸ್ ಕೊಡಲು, ಪಾಲು ಮಾರಲು ಎಲ್ಲರ ಒಪ್ಪಿಗೆ ಬೇಕು. ಸ್ವಂತ ವರ್ಕ್‌ಶಾಪಿಲ್ಲದ ವಿದ್ಯಾರ್ಥಿಗೂ ಯಂತ್ರ ತಯಾರಿಸದ ಕಾಲೇಜಿಗೂ ಲೈಸೆನ್ಸ್ ಒಂದೇ ದಾರಿ. ಒಬ್ಬರು ಸಹಿ ಹಾಕದಿದ್ದರೆ ಅದೂ ಬಂದ್. ಗೋಣಿಕೊಪ್ಪದ ವರ್ಕ್‌ಶಾಪಿನವರು ತಯಾರಿಸುತ್ತೇವೆಂದು ಬಂದಾಗ ಯಾರು ಮಾತಾಡಬೇಕು, ಎಷ್ಟು ದಿನದಲ್ಲಿ ಉತ್ತರ ಕೊಡಬೇಕು, ರಾಯಧನ ಹೇಗೆ ಹಂಚಬೇಕು, ವರ್ಷದ ನವೀಕರಣ ಶುಲ್ಕ ಯಾರು ಕಟ್ಟಬೇಕು, ಇಷ್ಟನ್ನು ಅರ್ಜಿ ಹಾಕುವ ದಿನವೇ ಬೇರೆ ಒಪ್ಪಂದದಲ್ಲಿ ಬರೆದಿಡಬೇಕು. ಬರೆದಿಲ್ಲದಿದ್ದರೆ ಉಳಿಯುವುದು 51ನೇ ಕಲಮು: ಏನು ಮಾಡಬೇಕೆಂದು ಪೇಟೆಂಟ್ ಕಚೇರಿಯ ಕಂಟ್ರೋಲರ್ ನಿರ್ದೇಶನ ಕೊಡಲಿ ಎಂದು ಅರ್ಜಿ ಹಾಕಿ ಕಾಯುವುದು.